ಅಮ್ಮನ ಕಿಂಡಿ

ಗಾಳಿ ಎತ್ತ ಬೀಸುತ್ತಿದೆ ಎಂದು ತಿಳಿಯಲು ಅವಳ ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ಬೂದಿ ಇರುತ್ತಿತ್ತು. ಕಚೇರಿ ಕೊಟ್ಟ ಯಂತ್ರವೂ ಇತ್ತು, ಆದರೆ ಯಂತ್ರದ ಮಾತಿಗೆ ಬೂದಿ ಹೂಂಗುಟ್ಟಿದ ಮೇಲೆಯೇ ಅವಳಿಗೆ ಸಮಾಧಾನ. ಆ ಬೆಳಿಗ್ಗೆ ಎರಡೂ ಒಂದೇ ಮಾತು ಹೇಳಿದವು: ಗಾಳಿ ಊರಿನ ಕಡೆಗೆ, ಮೆಲ್ಲಗೆ.

ಊರ ಅಂಚಿಗೇ ಆತುಕೊಂಡಿದ್ದ ಆ ಹುಲ್ಲುಗಾಡು ರಕ್ಷಿತ ಉದ್ಯಾನವಾದ ಮೇಲೆ ಅಲ್ಲಿ ದನ ಮೇಯುವುದು ನಿಂತಿತ್ತು. ಹುಲ್ಲು ಆಳೆತ್ತರಕ್ಕೆ ಬೆಳೆದು ಒಣಗಿತ್ತು. ಯಾರೋ ಎಸೆದ ಬೀಡಿ ತುಂಡು ಸಾಕು, ಬೆಂಕಿ ಬೇಲಿ ಹಾರಿ ಮನೆಗಳ ಅಂಗಳಕ್ಕೆ ಬರುತ್ತಿತ್ತು. ಅದಕ್ಕೇ ಬೇಸಿಗೆ ಬಲಿಯುವ ಮೊದಲು ಬೇಲಿಯ ಪಕ್ಕದ ಅಗಲವಾದ ಪಟ್ಟಿಯೊಂದನ್ನು ತಾವೇ ಸುಟ್ಟುಬಿಡಬೇಕು. ಉದ್ಯಾನದ ಬೆಂಕಿ ಅಧಿಕಾರಿಯಾಗಿ ಅದು ಅವಳ ಕೆಲಸ. ಮನೆಯಲ್ಲಿ ಅವಳ ಹೆಸರೇ ಬೆಂಕಿಪೊಟ್ಟಣ.

ಮೊದಲು ಬೇಲಿಯ ಬದಿಯಲ್ಲಿ ಸಣ್ಣಗೆ ಹಚ್ಚಿ, ಗಾಳಿಗೆದುರಾಗಿ ತೆವಳುವ ಬೆಂಕಿಯಿಂದ ಒಂದಷ್ಟು ನೆಲ ಕಪ್ಪು ಮಾಡಿಕೊಂಡರು. ಆಮೇಲೆ ಪಟ್ಟಿಯ ಆ ತುದಿಯಿಂದ ದೊಡ್ಡ ಬೆಂಕಿ. ಅದು ಗಾಳಿಯ ಜೊತೆ ಓಡಿ ಬಂದು, ಕಪ್ಪು ನೆಲ ಮುಟ್ಟಿ, ತಿನ್ನಲು ಏನೂ ಸಿಗದೆ ಸಾಯಬೇಕು. ದೊಡ್ಡದನ್ನು ಹಚ್ಚುವವರೆಗೆ ಮನಸ್ಸು ಬದಲಿಸಬಹುದು. ಹಚ್ಚಿದ ಮೇಲೆ ಬ್ರಹ್ಮ ಬಂದರೂ ನಿಲ್ಲುವುದಿಲ್ಲ.

ಹಚ್ಚಿ ಆಗಿತ್ತು. ಆಗಲೇ ಅತ್ತಿಗೆಯ ಫೋನು ಬಂತು.

"ಅತ್ತೆ ನಿಮ್ಮ ಹತ್ರ ಬಂದ್ರಾ?"

"ಅಮ್ಮ ಇಲ್ಲಿಗ್ಯಾಕೆ ಬರ್ತಾಳೆ ಅತ್ತಿಗೆ?"

"ಹೊಗೆ ಊರ ಕಡೆ ಬರುತ್ತೆ, ಕಾಡಿನ ಕಡೆ ಹೋಗಲ್ಲ ಅಂತ ನಿನ್ನೆ ನೀವೇ ಹೇಳಿದ್ರಂತಲ್ಲ. ಹಾಗಾದ್ರೆ ನಾನ್ಯಾಕೆ ಇಲ್ಲಿ ಕೂತು ಹೊಗೆ ಕುಡೀಲಿ, ಕೆರೆ ಹತ್ರ ಇರ್ತೀನಿ ಅಂತ ಮಗು ಕೈಲಿ ಹೇಳಿ ಹೊರಟುಬಿಟ್ಟಿದಾರೆ. ನಾನು ಬಚ್ಚಲಲ್ಲಿದ್ದೆ."

ಹೊಗೆಯ ಮಾತು ಅವಳದೇ. ಕಿಟಕಿ ಮುಚ್ಚಿಕೊಂಡು ಒಳಗಿರು ಎಂದೂ ಹೇಳಿದ್ದಳು. ಅಮ್ಮ ತನಗೆ ಬೇಕಾದ ಅರ್ಧವನ್ನು ಇಟ್ಟುಕೊಂಡು ಉಳಿದದ್ದನ್ನು ಕಿವಿಯ ಮೇಲೇ ಹಾಕಿಕೊಂಡಿರಲಿಲ್ಲ.

ಅಮ್ಮನಿಗೆ ಉಬ್ಬಸ. ಬೇಲಿ ಬರುವ ಮುಂಚೆ ದಿನಾ ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ನಡೆದು ಕೆರೆಯ ದಂಡೆಯಲ್ಲಿ ಕೂರುತ್ತಿದ್ದಳು. ಅಲ್ಲಿ ಎದೆ ಹಗುರಾಗುತ್ತದೆ ಎನ್ನುತ್ತಿದ್ದಳು. ಬೇಲಿ ಬಂದಾಗ ಉದ್ಯಾನದ ಬಾಗಿಲು ಊರಿನ ಇನ್ನೊಂದು ಮಗ್ಗುಲಿಗೆ ಹೋಯಿತು. ಅಷ್ಟು ದೂರ ಸುತ್ತಿ ಹೋಗಲು ಅಮ್ಮನ ಉಸಿರು ಸಾಲದು. ಹಾಗಾಗಿ ಬೇಲಿ ತಿರುಗುವ ಮೂಲೆಯಲ್ಲಿ ಒಬ್ಬರು ನುಸುಳುವಷ್ಟು ಜಾಗವನ್ನು ಮಗಳು ಉಳಿಸಿದ್ದಳು. ಕೆಲಸದವರೆಲ್ಲ ಅದನ್ನು ಅಮ್ಮನ ಕಿಂಡಿ ಎನ್ನುತ್ತಿದ್ದರು, ಕಂಡೂ ಕಾಣದಂತೆ ಇದ್ದರು. ಬೇಲಿ ನೋಡಿಕೊಳ್ಳುವ ಇಕ್ಕಳ ಮಾತ್ರ ಬಿಡುತ್ತಿರಲಿಲ್ಲ. ಸೊಂಟದಲ್ಲಿ ಸದಾ ಇಕ್ಕಳ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಆ ಹೆಸರು. "ಮೇಡಂ, ನಾಳೆ ಹಂದಿ ನುಗ್ಗಿದ್ರೂ ನಿಮ್ಮಮ್ಮ ಅಂತ ಕೈಮುಗಿದು ಬಿಡ್ಬೇಕಾ?" ಎಂದು ಕೇಳುತ್ತಿದ್ದ. ಅವಳು ನಕ್ಕು ಮಾತು ತೇಲಿಸುತ್ತಿದ್ದಳು.

ಈ ಬೆಳಿಗ್ಗೆ ಪ್ರತಿ ಬಾಗಿಲಿಗೂ ಕಾವಲು ಹಾಕಿದ್ದಳು. ಕಿಂಡಿಗೆ ಹಾಕಬೇಕಾದರೆ ಅಲ್ಲೊಂದು ಕಿಂಡಿಯಿದೆ ಎಂದು ಮೇಲಿನವರೆದುರು ಬಾಯಿಬಿಡಬೇಕಿತ್ತು. ಬಿಟ್ಟಿರಲಿಲ್ಲ. ಕಿಂಡಿಯಿಂದ ಕೆರೆಗೆ ಹೋಗುವ ಕಾಲುದಾರಿ, ಈಗ ಬೆಂಕಿ ಓಡುತ್ತಿರುವ ಪಟ್ಟಿಯನ್ನು ಅಡ್ಡ ಹಾಯುತ್ತದೆ.

ವಾಕಿಟಾಕಿಯಲ್ಲಿ ಇಕ್ಕಳನನ್ನು ಕರೆದಳು. ನೀರಿನ ಪಂಪಿನ ಗದ್ದಲ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಹುಲ್ಲಿನೊಳಗೆ ಹೆಂಗಸೊಬ್ಬಳು ಕಾಣಿಸಿದಳೇ ಎಂದು ಉಳಿದವರನ್ನು ಕೇಳಿದಳು. ಯಾರೂ ಕಂಡಿರಲಿಲ್ಲ. ಹೊಗೆಯಲ್ಲಿ ಏನು ಕಂಡೀತು? ಒಬ್ಬ ಯಾಕೆ ಮೇಡಂ ಎಂದ. ಅವಳು ಆಗಲೇ ಕಪ್ಪು ನೆಲದ ಮೇಲೆ ಓಡುತ್ತಿದ್ದಳು.

ಬೂಟಿನ ಅಡಿ ಬಿಸಿಯಾಯಿತು. ಎಡಗಡೆ ಹುಲ್ಲು ಚಟಪಟ ಸಿಡಿಯುತ್ತಿತ್ತು. ಅಮ್ಮ ಮನೆ ಬಿಟ್ಟದ್ದು ಯಾವಾಗ? ಅವಳ ನಡಿಗೆಗೆ ಇಷ್ಟು ಹೊತ್ತಿಗೆ ಎಲ್ಲಿರಬಹುದು? ಲೆಕ್ಕ ಹಾಕಲು ಹೋದಷ್ಟೂ ತಲೆ ಕೆಟ್ಟಿತು. ದಾರಿ ನಡುವೆ ಎದೆ ಹಿಡಿದುಕೊಂಡು ನಿಲ್ಲುವುದು ಅಮ್ಮನ ಅಭ್ಯಾಸ. ನಿಂತರೆ ಯಾರು ಮಾತಾಡಿಸಿದರೂ ಕೈಯಾಡಿಸಿ ಸುಮ್ಮನಿರಿಸುವುದು, ಮತ್ತೆ ಉಸಿರು ಬರುವವರೆಗೆ ಅಲ್ಲಾಡದೆ ಇರುವುದು. ಅಲ್ಲಾಡದೆ.

ಮೂಲೆ ಬಂತು. ಕಿಂಡಿಯಿರಲಿಲ್ಲ.

ಅಲ್ಲಿ ಹೊಸ ತಂತಿ ಮಿರಮಿರ ಹೊಳೆಯುತ್ತಿತ್ತು. ತುದಿಗಳನ್ನು ಒಪ್ಪವಾಗಿ ತಿರುಚಲಾಗಿತ್ತು, ಇಕ್ಕಳನ ಕೈಗುರುತು ಗೊತ್ತಾಗುವಷ್ಟು ಒಪ್ಪವಾಗಿ. ಯಾವಾಗ ಹಾಕಿದ? ಅಮ್ಮ ಒಳಗೆ ಹೋಗುವ ಮೊದಲೋ, ಹೋದ ಮೇಲೋ? ತಂತಿ ಹಿಡಿದುಕೊಂಡು ನಿಂತಳು. ಬೆನ್ನ ಹಿಂದೆ ಬೆಂಕಿ ಭೋರೆಂದಿತು.

ಆಚೆಯಿಂದ ಕೆಮ್ಮು ಕೇಳಿಸಿತು.

ಬೇಲಿಯ ಹೊರಗೆ, ಮೋರಿಯ ಕಟ್ಟೆಯ ಮೇಲೆ ಅಮ್ಮ ಕೂತಿದ್ದಳು. ತೊಡೆಯ ಮೇಲೆ ಚೀಲ, ಕೈಯಲ್ಲಿ ಉಸಿರಿನ ಪಂಪು. ಮೂಗಿನ ತುದಿಯಲ್ಲಿ ಕೋಪ.

"ಯಾವನೋ ನನ್ನ ದಾರಿ ಮುಚ್ಚಿದಾನೆ ಕಣೆ," ಎಂದಳು. "ಆ ನಿನ್ನ ಇಕ್ಕಳನೇ ಇರ್ಬೇಕು. ಬಿಡ್ಬೇಡ ಅವನ್ನ."

ಮಗಳು ಬೂದಿಯಲ್ಲೇ ಕೂತಳು. ಇಕ್ಕಳ ಅವಳಿಗೆ ಹೇಳದೆಯೇ ಕಿಂಡಿ ಮುಚ್ಚಿದ್ದ. ಮುಚ್ಚದಿದ್ದರೆ ಎಂಬುದನ್ನು ಪೂರ್ತಿ ಯೋಚಿಸುವ ಧೈರ್ಯ ಅವಳಿಗಾಗಲಿಲ್ಲ.

"ಅವನಲ್ಲಮ್ಮ. ನಾನೇ ಮುಚ್ಚಿಸ್ದೆ."

ಅಮ್ಮ ತಂತಿಯ ನಡುವಿನಿಂದ ಅವಳನ್ನು ದಿಟ್ಟಿಸಿದಳು. "ಯಾವಾಗ?"

"ನಿನ್ನೆ."

"ನಿನ್ನೆ ಸಂಜೆ ನನ್ನ ಪಕ್ಕ ಕೂತು ಉಂಡು ಹೋದ್ಯಲ್ಲೇ. ಒಂದು ಮಾತು ಆಡಲಿಲ್ಲ."

ಅವಳು ತಂತಿಯ ಸಂದಿನಲ್ಲಿ ಬೆರಳು ತೂರಿಸಿದಳು. ಅಮ್ಮ ಬೆರಳನ್ನು ನೋಡಿದಳು, ಮುಟ್ಟಲಿಲ್ಲ. ಪಂಪು ಬಾಯಿಗಿಟ್ಟು ಒಮ್ಮೆ ಎಳೆದುಕೊಂಡಳು.

ವಾಕಿಟಾಕಿ ಗೊರಗುಟ್ಟಿತು. "ಮೇಡಂ, ಕರೆದ್ರಂತೆ," ಎಂದಿತು ಇಕ್ಕಳನ ಧ್ವನಿ. ಆಮೇಲೆ ಸ್ವಲ್ಪ ತಡೆದು, "ಆ ಮೂಲೆ ವಿಷ್ಯ ನಿಮಗೊಂದು ಹೇಳ್ಬೇಕಿತ್ತು..."

"ಗೊತ್ತು," ಎಂದಳು ಅವಳು, ಅಮ್ಮನ ಮುಖದಿಂದ ಕಣ್ಣು ಕೀಳದೆ. "ಅಲ್ಲಿಗೆ ಇನ್ನೊಂದೆಳೆ ತಂತಿ ಹಾಕಿ. ಗಟ್ಟಿಯಾಗಿ."