ಅಕ್ಕನ ಕಿವಿಗೆ ದಕ್ಕಿದ್ದು

ಹಲ್ಲಿನ ಸೆಟ್ ಕಟ್ಟುವ ಆ ಪುಟ್ಟ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು ಇಬ್ಬರೇ. ಪ್ಲಾಸ್ಟರ್ ಅಚ್ಚು ಎರೆಯುವವನು ಒಬ್ಬ. ಮೇಣದಲ್ಲಿ ಹಲ್ಲು ಜೋಡಿಸಿ, ಕೊನೆಗೆ ಉಜ್ಜಿ ಹೊಳಪು ಕೊಡುವವಳು ಒಬ್ಬಳು. ಅವಳಿಗೆ ಐವತ್ತು ದಾಟಿತ್ತು. ಬಾಯಿ ಸುಮ್ಮನಿದ್ದರೂ ಕಿವಿ ಸುಮ್ಮನಿರುವ ಜಾಯಮಾನದ್ದಲ್ಲ. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಮೊಬೈಲಿನಲ್ಲಿ ಹಾಡು ಹರಿಯುತ್ತಲೇ ಇರಬೇಕು.

ಒಂದು ಮಧ್ಯಾಹ್ನ ಕೆಳದವಡೆಯ ಸೆಟ್ಟೊಂದನ್ನು ಹೊಳಪಿನ ಚಕ್ರಕ್ಕೆ ಹಿಡಿದಿದ್ದಾಗ ಮೋಟಾರಿನ ಸದ್ದು ಯಾಕೋ ಬೇರೆಯಾಗಿ ಕೇಳಿಸಿತು. ಕೆಟ್ಟಿತೇನೋ ಎಂದು ಸ್ವಿಚ್ಚು ಆರಿಸಿದಳು. ಚಕ್ರ ನಿಂತಿತು. ಸದ್ದು ನಿಲ್ಲಲಿಲ್ಲ.

"ಅಣ್ಣಾ, ನಿನ್ನ ಕಡೆ ಏನಾದ್ರೂ ಓಡ್ತಿದ್ಯಾ?"

"ನನ್ನ ಕಡೆ ಓಡ್ತಿರೋದು ಗಡಿಯಾರ ಒಂದೇ," ಎಂದ ಪ್ಲಾಸ್ಟರಿನವನು. "ಅದೂ ಕುಂಟ್ಕೊಂಡು."

ಸದ್ದು ಬರುತ್ತಿದ್ದದ್ದು ಮೊಬೈಲಿನಿಂದ. ಅವಳ ಹಾಡುಗಳೆಲ್ಲ ಮುಗಿದು, ಅದು ತನ್ನಷ್ಟಕ್ಕೆ ಬೇರೇನನ್ನೋ ಹಾಕಿಕೊಂಡಿತ್ತು. ಪಲ್ಲವಿಯಿಲ್ಲ, ತಾಳವಿಲ್ಲ, ಹಾಡುವ ಗಂಟಲಿಲ್ಲ. ಒಂದೇ ಒಂದು ತಗ್ಗುದನಿ, ನಿದ್ದೆಯಲ್ಲಿರುವವರ ಎದೆಯಂತೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕೈಯಲ್ಲಿ ದವಡೆ ಹಿಡಿದುಕೊಂಡೇ ಅವಳು ಕೊನೆಯವರೆಗೂ ನಿಂತು ಕೇಳಿದಳು.

"ಇದು ಹಾಡೋ, ಫ್ರಿಜ್ಜೋ?" ಎಂದು ಅವನು ನಕ್ಕ.

ಅಂದು ಸಂಜೆ ಅದರ ಜಾಡು ಹಿಡಿದು ಹೊರಟಳು. ಯಾವ ಕಂಪನಿಯೂ ಹೊರತಂದದ್ದಲ್ಲ. ಯಾರೋ ಮನೆಯಲ್ಲೇ ಯಂತ್ರಗಳನ್ನು ಕೂಡಿಸಿ ಮಾಡಿ, ತಾವೇ ಜಾಲತಾಣದಲ್ಲಿಟ್ಟದ್ದು. ಕೆಳಗೆ, ಅದನ್ನು ಮೆಚ್ಚಿದ ಹನ್ನೆರಡು ಮಂದಿಯ ಪಟ್ಟಿ. ಒಬ್ಬೊಬ್ಬರ ಹೆಸರು ಒತ್ತಿದರೂ ಅವರು ಮೆಚ್ಚಿದ ಬೇರೆ ಆಲ್ಬಮ್ಮುಗಳು. ಇರುವೆ ಸಾಲಿನ ಹಿಂದೆ ಹೋದ ಹಾಗೆ ಅವಳು ಒಂದರಿಂದ ಒಂದಕ್ಕೆ ಹೋದಳು. ಕೆಲವು ಬರೀ ಗದ್ದಲ. ಒಬ್ಬ ತನ್ನ ಫ್ಯಾನಿನ ಸದ್ದನ್ನೇ ಅರ್ಧ ಗಂಟೆ ಎಳೆದಿದ್ದ. ಒಬ್ಬಳು ಪ್ರೇಮಗೀತೆಯೊಂದನ್ನು ಚೂರುಚೂರು ಮಾಡಿ ಮತ್ತೆ ಹೊಲಿದಿದ್ದಳು, ಹೊಲಿಗೆ ಕಾಣುವ ಹಾಗೆಯೇ. ಒಂದು ತಿಂಗಳಲ್ಲಿ ಅವಳಿಗೆ ಇದರ ಹುಚ್ಚು ಹಿಡಿಯಿತು.

ಆಗಲೇ ಅಕ್ಕನ ನೆನಪಾದದ್ದು. ನೆನಪೇನು, ಅಕ್ಕ ಅವಳಿದ್ದ ಮನೆಯಲ್ಲೇ ಇದ್ದಳು. ಇಬ್ಬರದೂ ಒಂದೇ ಒಲೆ. ಅಕ್ಕ ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿವಿಯಿಂದಲೇ ಅನ್ನ ತಿಂದವಳು. ಈಗ ಆ ಕಿವಿಯೇ ಕೈಕೊಟ್ಟಿತ್ತು. ಏರುದನಿಗಳು ಹೋಗಿವೆ, ತಗ್ಗುದನಿಗಳು ಉಳಿದಿವೆ ಎಂದಿದ್ದರು ಡಾಕ್ಟರು. ಕಿವಿಯ ಮಷೀನು ಮಾತಿಗೇನೋ ಆಗುತ್ತಿತ್ತು. ಹಾಡು ಹಾಕಿದರೆ ಎಳೆದ ಸ್ವರವೆಲ್ಲ ನೀರಿನೊಳಗಿಂದ ಬಂದಂತೆ ನಡುಗುತ್ತಿತ್ತು. ಅಕ್ಕ ಹಾಡು ಕೇಳುವುದನ್ನೇ ಬಿಟ್ಟಿದ್ದಳು. ತಗ್ಗುದನಿಯ ಈ ಸಂಗೀತ ಅವಳಿಗೆ ದಕ್ಕಬಹುದಲ್ಲ ಎಂದು ತಂಗಿಗೆ ಹೊಳೆಯಿತು.

ಭಾನುವಾರ ಮಷೀನು ತೆಗೆಸಿ, ದೊಡ್ಡ ಹೆಡ್‌ಫೋನು ಹಾಕಿದಳು.

"ಏನೇ ಇದು, ಕಿವಿಗೆ ಬಾಣಲೆ ಕಟ್ತಿದ್ದೀಯಾ?" ಎಂದಳು ಅಕ್ಕ. ಮೊದಲನೆಯದಕ್ಕೆ, "ನೀರಿನ ಮೋಟಾರ್ ಆಫ್ ಮಾಡೇ." ಎರಡನೆಯದಕ್ಕೆ ಆಕಳಿಸಿದಳು. ಮೂರು ಭಾನುವಾರ ಹೀಗೇ ನಡೆಯಿತು. ನಾಲ್ಕನೆಯ ಭಾನುವಾರ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲಿಟ್ಟಳು.

"ಸಾಕು. ಹೋಗಿದ್ದು ಹೋಯ್ತು ಅಂತ ಸುಮ್ನಿರೋದನ್ನ ಕಲಿಯೋಕೆ ನನಗೆ ಎರಡು ವರ್ಷ ಹಿಡೀತು. ಮತ್ತೆ ಆಸೆ ಹುಟ್ಟಿಸ್ಬೇಡ."

ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ. ಅಕ್ಕ ಇದನ್ನು ಮೆಲ್ಲಗೆ ಹೇಳಿದಳು. ತಂಗಿಗೆ ಮುಖ ಎತ್ತಲಾಗಲಿಲ್ಲ. ಉಪಕಾರ ಮಾಡಹೊರಟು ಗಾಯ ಕೆದಕಿದ್ದಳು. ಆಮೇಲೆ ಆ ಮಾತೇ ಎತ್ತಲಿಲ್ಲ.

ಎರಡು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಮೇಜಿನ ಮೇಲೆ ಡಬ್ಬಿ ಸ್ಪೀಕರ್ ಇಟ್ಟುಕೊಂಡು ತಂಗಿ ತನಗೆ ಹೊಸದಾಗಿ ಸಿಕ್ಕಿದ್ದೊಂದನ್ನು ಕೇಳುತ್ತಿದ್ದಳು. ಎದುರಿಗೆ ಅಕ್ಕ, ಮಷೀನು ಹಾಕದೆ, ಹುರುಳಿಕಾಯಿ ಹೆಚ್ಚುತ್ತಿದ್ದಳು. ಸಂಗೀತವೋ, ಕಾದ ಎಣ್ಣೆಗೆ ನೀರು ಬಿದ್ದಂತೆ ಬರೀ ಚರಚರ. ಇದು ನನಗಲ್ಲ ಎಂದು ತಂಗಿ ನಿಲ್ಲಿಸಲು ಕೈ ಚಾಚಿದಳು. ಅಕ್ಕನ ಚಾಕು ನಿಂತಿತ್ತು.

"ಇದು ಯಾರು?"

"ಜೋರಾಯ್ತಾ?"

"ಯಾರು ಅಂತ ಕೇಳ್ದೆ. ಎಷ್ಟು ಚೆನ್ನಾಗಿ ಹಾಡ್ತಿದೆ!"

"ಎಲ್ಲಕ್ಕಾ ಹಾಡು? ಬರೀ ಚರಚರ."

"ಯಾವ ಚರಚರ?" ಎಂದಳು ಅಕ್ಕ, ತಂಗಿಯ ತುಟಿಯನ್ನೇ ನೋಡುತ್ತಾ.

ಅಕ್ಕ ಅಂಗೈಯನ್ನು ಮೇಜಿಗೆ ಒತ್ತಿ, ಕಣ್ಣು ಮುಚ್ಚಿ, ಗುನುಗತೊಡಗಿದಳು. ಏಳೆಂಟು ಸ್ವರಗಳ ಸಣ್ಣ ರಾಗ. ಏರಿ, ತಿರುಗಿ, ಮನೆಗೆ ಬರುವಂತಹದು. ತಂಗಿ ಉಸಿರು ಹಿಡಿದು ಕೇಳಿದಳು. ಅಕ್ಕನ ಗುನುಗನ್ನು ಹಿಡಿದುಕೊಂಡು ಹೋದಾಗ ಆ ಗದ್ದಲದ ತಳದಲ್ಲಿ ಏನೋ ಅಲುಗಿದಂತಾಯಿತು, ಮತ್ತೆ ಮುಚ್ಚಿಹೋಯಿತು. ಅವಳಿಗೆ ತಡವಾಗಿ ಅರ್ಥವಾಯಿತು: ಚರಚರವೆಲ್ಲ ಏರುದನಿ. ಅದು ಅಕ್ಕನ ಕಿವಿಗೆ ಬೀಳುವುದೇ ಇಲ್ಲ. ತನಗೆ ಪರದೆಯಾದದ್ದು ಅಕ್ಕನಿಗೆ ಇರಲೇ ಇಲ್ಲ.

ಅನುಮಾನ ಪರಿಹಾರಕ್ಕೆಂದು ಅದನ್ನು ಮಾಡಿದವರಿಗೇ ಬರೆದಳು. ಇದರೊಳಗೆ ಒಂದು ರಾಗ ಇದೆಯಂತೆ, ನಮ್ಮಕ್ಕ ಹೇಳುತ್ತಾಳೆ, ನಿಜವೇ? ಜೊತೆಗೆ ಅಕ್ಕನ ಗುನುಗನ್ನೂ ರೆಕಾರ್ಡ್ ಮಾಡಿ ಕಳಿಸಿದಳು.

ಒಂಬತ್ತು ದಿನದ ಮೇಲೆ ಉತ್ತರ ಬಂತು. ಬರೆದವಳು ಹಗಲು ಬಸ್ ಡಿಪೋದಲ್ಲಿ ಇಂಜಿನ್ ಬಿಚ್ಚುವ ಮೆಕ್ಯಾನಿಕ್ಕು. "ರಾಗ ಇದೆ. ನನ್ನದೇ. ತೀರಾ ಸಾದಾ ಅನ್ನಿಸಿತು, ನಾಚಿಕೆಯಾಯಿತು, ಮೇಲೆ ಗದ್ದಲ ಸುರಿದೆ. ಮೂರು ವರ್ಷದಲ್ಲಿ ಒಬ್ಬರೂ ಹಿಡಿದಿರಲಿಲ್ಲ. ನಿಮ್ಮಕ್ಕನ ಗುನುಗು ಕೇಳಿ ಡಿಪೋದಲ್ಲಿ ಟೈರಿನ ಮೇಲೆ ಕೂತುಬಿಟ್ಟೆ." ಗದ್ದಲ ತೆಗೆದ ಪ್ರತಿಯನ್ನೂ ಲಗತ್ತಿಸಿದ್ದಳು.

ಅಕ್ಕ ಎರಡನ್ನೂ ಕೇಳಿ ಹುಬ್ಬು ಗಂಟಿಕ್ಕಿದಳು. "ಎರಡೂ ಒಂದೇ ತಾನೇ? ಹೊಸದೇನಿದೆ ಇದ್ರಲ್ಲಿ?"

ತಂಗಿಗೆ ಹೊಸದೇ. ಬರಿಯ ರಾಗ ಮೊದಲ ಸಲ ಕೇಳಿಸಿ, ನಗು ಬಂತೋ ಅಳು ಬಂತೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಳೋದು ಆಮೇಲೆ. ಬರಿ," ಎಂದಳು ಅಕ್ಕ, ಹಳೆಯ ಎಕ್ಸ್‌ಚೇಂಜಿನ ದನಿಯಲ್ಲಿ. "ಸಾದಾ ಅಂತ ನಾಚ್ಕೋಬೇಡಮ್ಮ. ಆದ್ರೆ ನಾಲ್ಕನೇ ನಿಮಿಷದಲ್ಲಿ ಅವಸರ ಮಾಡಿದ್ದೀಯ. ಅಲ್ಲಿ ಸ್ವಲ್ಪ ನಿಲ್ಬೇಕಿತ್ತು."

ತಂಗಿ ಬರೆದಳು. ಮೆಕ್ಯಾನಿಕ್ಕು ಬಿಡಲಿಲ್ಲ: ಹೊಸದೊಂದು ಮಾಡುತ್ತಿದ್ದೇನೆ, ಹೊರಗೆ ಬಿಡುವ ಮುಂಚೆ ಅಕ್ಕ ಕೇಳಿ ಹೇಳುತ್ತಾರೆಯೇ?

ಅಕ್ಕ ಒಂದು ದಿನ ಯೋಚಿಸಿದಳು. ಆಸೆಗೆ ಬಾಗಿಲು ತೆಗೆಯುವುದು ಅವಳಿಗೆ ಸುಲಭವಿರಲಿಲ್ಲ. ಮಾರನೆಯ ದಿನ, ಬಟ್ಟೆ ಮಡಚುತ್ತಾ, ಬೇರೇನೋ ಹೇಳುವವಳಂತೆ ಹೇಳಿದಳು: "ಬೆಳಿಗ್ಗೆ ಕಳಿಸೋಕೆ ಹೇಳು. ಸಾಯಂಕಾಲದ ಹೊತ್ತಿಗೆ ಕಿವಿ ದಣಿದಿರುತ್ತೆ."

ಅದು ಬಂದ ಬೆಳಿಗ್ಗೆ ಅಕ್ಕ ಮಷೀನು ತೆಗೆದಿಟ್ಟು, ಎರಡೂ ಅಂಗೈ ಮೇಜಿಗೂರಿ ಕೂತಳು. ಅಂದು ತರಕಾರಿ ಹೆಚ್ಚಿದ್ದು ತಂಗಿ, ಚಾಕಿನ ಸದ್ದಾಗದ ಹಾಗೆ.