ಕಾಯಿಸಿದ ತಮಟೆಯ ಸದ್ದು

೧
ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಅನ್ನುವುದರಲ್ಲೇ ಮೂರು ದಿನ ಹೋಯಿತು. ಮೊದಲು ಬರೆದದ್ದು: ‘ಹಿರೀಸಾವೆಯ ಹೆದ್ದಾರಿ ಬದಿಯ ಕೋಣೆಯಲ್ಲಿ ಮಂಜೇಶ ಸ್ಪೀಕರಿನ ಮುಂದೆ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ.’ ಹೊಡೆದುಹಾಕಿದೆ. ಅವನು ಆ ಸ್ಪೀಕರನ್ನು ಕೇಳಲೇ ಇಲ್ಲ. ಕಥೆ ಇರುವುದೇ ಅಲ್ಲಿ, ಮೊದಲೇ ಹೇಳಿಬಿಡುವುದು ವಾಸಿ. (ಕುತೂಹಲ ಉಳಿಸಿಕೊಳ್ಳುವ ಕಲೆ ನನಗೆ ಬಾರದು ಅಂತ ವಿಮರ್ಶಕರೊಬ್ಬರು ಬರೆದಿದ್ದಾರೆ. ಅವರು ನನ್ನ ಪುಸ್ತಕ ಓದಿದ್ದರೋ ಇಲ್ಲವೋ, ಅದು ಬೇರೆ ಮಾತು.)

೨
ಮಂಜೇಶ ಯೂಟ್ಯೂಬಿನಲ್ಲಿ ಸ್ಪೀಕರ್, ಆಂಪ್ಲಿಫೈಯರ್, ಹೆಡ್‌ಫೋನುಗಳ ರಿವ್ಯೂ ಮಾಡುವವನು. ಪ್ರತಿ ವಿಡಿಯೋದಲ್ಲೂ ಒಂದು ಮಾತು ತಪ್ಪುವುದಿಲ್ಲ: ‘ನಿಮ್ಮ ಫೋನಿನಲ್ಲಿ ಈ ಸೌಂಡು ಕೇಳಿಸಲ್ಲ ಸ್ನೇಹಿತರೇ, ನನ್ನ ಕಿವಿ ನಂಬಿ.’ ಜನ ನಂಬಿದರು. ಅವನೂ ಆರು ವರ್ಷ ಆ ನಂಬಿಕೆಗೆ ಕುಂದು ಬಾರದ ಹಾಗೆ ನಡೆದುಕೊಂಡ.

ಹೋದ ದಸರೆಗೆ ಮುಂಚೆ ಒಂದು ಕಂಪನಿ (ನಾನೇ ಹುಟ್ಟಿಸಿದ್ದು, ಹುಡುಕಬೇಡಿ) ಹೊಸ ಸ್ಪೀಕರ್ ಜೋಡಿ ಕಳಿಸಿತು. ಜೊತೆಗೆ ಬರಬೇಕಾದ ಕರೆಂಟಿನ ಅಡಾಪ್ಟರ್ ಬರಲಿಲ್ಲ, ಬೇರೆ ಯಾವುದೂ ಅದಕ್ಕೆ ಕೂರಲಿಲ್ಲ. ಶುಕ್ರವಾರ ವಿಡಿಯೋ ಹೋಗಬೇಕು, ಶನಿವಾರ ಪೆಟ್ಟಿಗೆ ಮೈಸೂರಿನ ಇನ್ನೊಬ್ಬ ರಿವ್ಯೂದಾರನಿಗೆ ಹೋಗಬೇಕು. ಮಂಜೇಶ ಹಳೆಯ ಕಾಮೆಂಟುಗಳನ್ನು ತಡಕಾಡಿ ಯಾರೋ ಬರೆದಿದ್ದ ಸಾಲೊಂದನ್ನು ಎತ್ತಿ, ತನ್ನದೇ ಮಾತಿನ ಹಾಗೆ ವಿಡಿಯೋದಲ್ಲಿ ಹೇಳಿಬಿಟ್ಟ: ‘ತಮಟೆ ಬಾರಿಸುವ ಮುಂಚೆ ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿದ್ದರೋ ಇಲ್ಲವೋ ಅನ್ನೋದೂ ಇದರಲ್ಲಿ ಕೇಳಿಸುತ್ತೆ.’ ಎಂಥ ಮಾತು! ನಾನಾದರೂ ಕದಿಯುತ್ತಿದ್ದೆ.

೩
ಆ ಸಾಲು ಕೊಣನೂರಿನ ಗಂಗಯ್ಯನವರದು. ಕಾಲೇಜಿನ ಅಟೆಂಡರಾಗಿ ನಿವೃತ್ತರಾದವರು. ಹಳೆಯ ಬಾಗಿಲಿನ ಹಲಗೆ ಕೊಯ್ಸಿ ತಾವೇ ಕೂಡಿಸಿಕೊಂಡ ಸ್ಪೀಕರ್ ಪೆಟ್ಟಿಗೆಗಳ ಬಗ್ಗೆ ಹಾಗೆ ಬರೆದಿದ್ದರು. ಅವರು ದಿನಾ ಕೇಳುತ್ತಿದ್ದುದು ಒಂದೇ ಕ್ಯಾಸೆಟ್. ತೀರಿಕೊಂಡ ಅಣ್ಣ ಕೊನೆಯ ಸಲ ತಮಟೆ ಬಾರಿಸಿದ್ದು ಅದರಲ್ಲಿತ್ತು. ಅವತ್ತು ಹುಲ್ಲಿನ ಬೆಂಕಿಯಲ್ಲಿ ಚರ್ಮ ಕಾಯಿಸಿ, ಸದ್ದು ಖಣಖಣ ಅನ್ನುವ ಹಾಗೆ ಬಿಗಿಮಾಡಿ ಅಣ್ಣನ ಕೈಗಿತ್ತವರು ಗಂಗಯ್ಯನವರೇ.

ಮಂಜೇಶನ ವಿಡಿಯೋ ನೋಡಿ ಅವರಿಗೆ ಕದ್ದ ಅನ್ನಿಸಲೇ ಇಲ್ಲ. ಈ ಹುಡುಗನ ಕಿವಿಯೂ ನನ್ನ ಕಿವಿಯೂ ಒಂದೇ ಅಂತ ಮಗಳು ಯಮುನಾಳ ಹತ್ತಿರ ಹೇಳಿಕೊಂಡು ಹಿಗ್ಗಿದರು. ಹೊಸ ಸ್ಪೀಕರ್ ತರಿಸಿದರು. ಗೆದ್ದಲು ಹತ್ತಿದ್ದ ಹಳೆಯ ಪೆಟ್ಟಿಗೆಗಳು ಬಚ್ಚಲ ಒಲೆಗೆ ಹೋದವು.

ಹದಿನೈದು ದಿನ ಕಳೆದು ಯಮುನಾ ಮಂಜೇಶನಿಗೆ ಫೋನು ಮಾಡಿದಳು. ಅಪ್ಪ ಕ್ಯಾಸೆಟ್ ಹಾಕುತ್ತಾರೆ, ಅರ್ಧಕ್ಕೇ ಆರಿಸುತ್ತಾರೆ, ತಟ್ಟೆ ಮುಂದೆ ಕೂತು ಹಾಗೇ ಎದ್ದುಹೋಗುತ್ತಾರೆ, ನಿಮ್ಮ ಮಾತಾದರೆ ಕೇಳುತ್ತಾರೆ, ಒಂದು ಸಲ ಬನ್ನಿ ಅಂದಳು.

೪
ಬೈಕು ಹತ್ತಿ ಹೊರಟವನಿಗೆ ಚನ್ನರಾಯಪಟ್ಟಣ ದಾಟುವವರೆಗೂ ನಿಜ ಹೇಳುವ ಧೈರ್ಯವಿತ್ತು. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಟೀ ಕುಡಿದವನು ಗಾಡಿಯನ್ನು ಬಂದ ದಾರಿಗೇ ತಿರುಗಿಸಿದ. ನಾನು ಅಡ್ಡ ನಿಂತೆ. ಅಡಾಪ್ಟರ್ ಬಂದಿರಲಿಲ್ಲ ಅಂತ ಒಂದೇ ಒಂದು ಮಾತು ಹೇಳಿ ಬಾರಯ್ಯ, ನಿನ್ನ ಗಂಟೇನು ಹೋಗುತ್ತೆ ಅಂತ ಗದರಿದೆ.

“ಸಾ, ಕಾಯಿಸಿದ ತಮಟೆ ಎಂಗಿರ್ತದೆ ಅಂತ ನೀವು ಕೇಳಿದ್ದೀರಾ?” ಅಂದ.

ಕೇಳಿರಲಿಲ್ಲ. ಯಾರೋ ಹೇಳಿದ್ದನ್ನು ಬರೆದಿದ್ದೆ. (ನೀವೂ ನಂಬಿಕೊಂಡು ಇಲ್ಲಿಯವರೆಗೆ ಬಂದಿರಿ.)

“ಮತ್ತೆ ನನಗ್ಯಾಕೆ ಬುದ್ಧಿ ಏಳ್ತೀರಿ?”

ಅವನು ಗಾಡಿಯನ್ನು ಮತ್ತೆ ತಿರುಗಿಸಿ ಕೊಣನೂರಿಗೆ ಹೋಗುವ ಅರಕಲಗೂಡಿನ ರಸ್ತೆ ಹಿಡಿದ. ಅದಕ್ಕೆ ಕಾರಣ ನಾನಲ್ಲ.

೫
ಗಂಗಯ್ಯನವರು ಕುರ್ಚಿ ಎಳೆದು ಕೂರಿಸಿದರು, ಕಾಫಿ ಕೊಡಿಸಿದರು, ಕ್ಯಾಸೆಟ್ ಹಾಕಿದರು. ತಾನು ಹೊಗಳಿದ್ದ ಸ್ಪೀಕರನ್ನು ಮಂಜೇಶ ಮೊದಲನೇ ಸಲ ಕೇಳಿದ. ಒದ್ದೆ ರಟ್ಟನ್ನು ತಟ್ಟಿದ ಹಾಗಿತ್ತು.

“ಕಿವಿ ತೋರ್ಸ್ಕೊಂಡ್ ಬಂದೆ ಕಣಪ್ಪ,” ಅಂದರು ಗಂಗಯ್ಯ. “ಸರ್ಯಾಗವೆ ಅಂದ್ರು ಆಸನದ ದೊಡ್ಡಾಸ್ಪತ್ರೆ ಡಾಕ್ಟ್ರು. ಸ್ಪೀಕರ್ರು ಸರ್ಯಾಗದೆ ಅಂತ ನೀನೇ ಏಳಿದ್ದೀಯ. ಅಂದ್ಮೇಲೆ ಇನ್ನೇನು, ಅವತ್ತು ನಾನೇ ಚರ್ಮ ಕಾಯ್ಸಿರ್ನಿಲ್ಲ. ತಣ್ಣಗಿರೋ ತಮಟೆನೇ ಅಣ್ಣನ ಕೈಗೆ ಕೊಟ್ಬುಟ್ಟಿವ್ನಿ.”

ಬಾಗಿಲಲ್ಲಿ ನಿಂತಿದ್ದ ಯಮುನಾ ಮಂಜೇಶನ ಮುಖವನ್ನೇ ನೋಡುತ್ತಿದ್ದಳು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

೬
ಒಂದು ಮುಕ್ತಾಯದಲ್ಲಿ ಮಂಜೇಶ ಎಲ್ಲ ಒಪ್ಪಿಕೊಳ್ಳುತ್ತಾನೆ, ಗಂಗಯ್ಯ ನಕ್ಕು ಬೆನ್ನು ತಟ್ಟುತ್ತಾರೆ. ಬರೆದು ಹರಿದೆ. ಆ ನಗುವನ್ನು ನನಗೇ ನಂಬಲಾಗಲಿಲ್ಲ. ಇನ್ನೊಂದರಲ್ಲಿ ಅವನು ಹಿರೀಸಾವೆಗೆ ಮರಳಿ ಕ್ಷಮೆಯ ವಿಡಿಯೋ ಮಾಡುತ್ತಾನೆ, ಅದಕ್ಕೆ ಎಂದೂ ಬಾರದಷ್ಟು ಲೈಕು ಬರುತ್ತದೆ, ಕೊಣನೂರಿನಲ್ಲಿ ಮಾತ್ರ ಅದನ್ನು ಯಾರೂ ನೋಡುವುದಿಲ್ಲ. ಅದು ನಡೆಯಬಹುದಾದದ್ದೇ. ಅದಕ್ಕೇ ಬೇಡವೆನಿಸಿತು.

ಈಗ ಮಂಜೇಶ ಬಾಯಿ ತೆರೆದಿದ್ದಾನೆ. ಆ ಬಾಯಿಗೆ ನಾನು ಮಾತು ಹಾಕುವುದಿಲ್ಲ, ಇಷ್ಟು ಹೊತ್ತು ಹಾಕಿದ್ದೇ ಹೆಚ್ಚು. ಗಂಗಯ್ಯನವರು ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತುತ್ತಿದ್ದಾರೆ. ನಿಮಗೆ ತಡೆಯಲಾಗದಿದ್ದರೆ ನೀವೇ ಹೋಗಿ ಹೇಳಿ, ಅವತ್ತು ಚರ್ಮ ಚೆನ್ನಾಗಿ ಕಾದಿತ್ತು ಅಂತ. ಯಾರು ಹೇಳಿದರೂ ಅವರು ನಂಬುತ್ತಾರೆ.