ನಡುವೆ ಗೀಟು, ಅಂಚಿಗೆ ಹಲ್ಲು

ಲಕ್ಷ್ಮೇಶ್ವರದ ಶೇಂಗಾ ವ್ಯಾಪಾರಿ ಚನ್ನಬಸವಣ್ಣನವರ ದೊಡ್ಡ ಗಾಡಿಯ ನಾಲ್ಕೂ ಟೈರು ಬೋಳಾಗಿ ಆರು ತಿಂಗಳಾಗಿತ್ತು. ಜೀಪಿಗಿಂತ ಉದ್ದ, ಲಾರಿಗಿಂತ ಗಿಡ್ಡ, ಎಂಟು ಮಂದಿ ಕೂತ ಮೇಲೂ ಹಿಂದೆ ನಾಲ್ಕು ಚೀಲ ಹಿಡಿಸುವ ಸ್ಟೇಷನ್ ವ್ಯಾಗನ್ ಅದು. ಊರುಬಿಟ್ಟು ಹೋಗುತ್ತಿದ್ದ ಗುತ್ತಿಗೆದಾರನೊಬ್ಬನಿಂದ ಎಪ್ಪತ್ತೈದರಲ್ಲಿ ಕೊಂಡದ್ದು. ಊರವರ ಬಾಯಲ್ಲಿ ಅದು ‘ವ್ಯಾಗಿನ್ನು’ ಆಗಿತ್ತು.

ಹೆಂಡತಿ ರೇಣುಕವ್ವ ಯಳವತ್ತಿಯ ಒಕ್ಕಲುತನದ ಮನೆಯವಳು. ಎಪ್ಪತ್ತೆಂಟರ ಯುಗಾದಿಯ ಮರುದಿನವೇ ಟೈರಿನ ಮೇಲೆ ಅಂಗೈ ಆಡಿಸಿ, “ನಿಮ್ಮ ತಲಿಗೂ ಇದಕ್ಕೂ ಏನೂ ಫರಕ ಉಳದಿಲ್ಲರಿ. ಮಳಿ ಬರೂದರೊಳಗ ಹೊಸಾವು ಹಾಕಸ್ರಿ” ಎಂದಿದ್ದಳು.

ಚನ್ನಬಸವಣ್ಣನವರು ಸಿಟ್ಟಾಗಲಿಲ್ಲ. ಹೊಸ ಟೈರು ಹಾಕಿಸಲೂ ಇಲ್ಲ. ವಿಷಯವನ್ನು ಅಂಗಡಿಯ ಗಾದಿಯ ಮೇಲೆ ಚರ್ಚೆಗೆ ಇಟ್ಟರು. ಅವರ ಸ್ವಭಾವವೇ ಹಾಗೆ. ಎಮ್ಮೆ ಕೊಳ್ಳುವಾಗಲೂ, ಮಗಳ ಹೆಸರಿಡುವಾಗಲೂ ಅವರಿಗೆ ನಾಲ್ಕು ಮಂದಿಯ ಮಾತು ಬೇಕು. ಹೆಂಡತಿ ಮಾತ್ರ ಆ ನಾಲ್ಕರಲ್ಲಿ ಬರುತ್ತಿರಲಿಲ್ಲ.

ಚರ್ಚೆಯ ಮುಖ್ಯ ಪಂಡಿತರು ಇಬ್ಬರು. ಒಬ್ಬರು ಶಿರಹಟ್ಟಿಯ ಮಾರ್ತಾಂಡರಾಯರು. ಕಚೇರಿ ಕೆಲಸದಿಂದ ನಿವೃತ್ತರಾದವರು, ದಿನಾ ಒಂಬತ್ತೂವರೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವವರು. ಇನ್ನೊಬ್ಬ ಚನ್ನಬಸವಣ್ಣನವರ ತಮ್ಮ ನಿಜಲಿಂಗಪ್ಪ. ತಾಲೂಕು ಬೋರ್ಡಿನ ಇಲೆಕ್ಷನ್ನಿಗೆ ನಿಲ್ಲುವ ಆಸೆಯಿಂದ ದಿನಕ್ಕೆರಡು ಸಲ ಇಸ್ತ್ರಿ ಅಂಗಿ ಬದಲಿಸುವವನು. ಇಬ್ಬರೂ ಹುಟ್ಟಿದಾಗಿನಿಂದ ಸ್ಟೇರಿಂಗು ಮುಟ್ಟಿದವರಲ್ಲ. ಪಂಕ್ಚರಾದರೆ ರಾಯರು ದೂರ ಹೋಗಿ ನಿಂತು ಮೂಗಿಗೆ ನಶ್ಯ ಏರಿಸುತ್ತಿದ್ದರು. ನಿಜಲಿಂಗಪ್ಪ ಗಾಡಿಯೊಳಗೇ ಕೂತಿರುತ್ತಿದ್ದ.

“ಗೀಟಿನ ಟೈರ್ ಹಾಕಸ್ರಿ. ಉದ್ದಕ ನಾಕು ಗೀಟು ಇರ್ತಾವ ನೋಡ್ರಿ, ಅವು. ಡಾಂಬರಿನ ಮ್ಯಾಲ ಬೆಣ್ಣಿ ಸವರಿಧಂಗ ಹೋಗ್ತದ,” ಎಂದರು ರಾಯರು. “ಪುಣೇದಾಗ ನಮ್ಮ ಷಡ್ಡಕರು ಅವನ್ನ ಹಾಕ್ಯಾರ.”

ಚಹಾದ ಬಟ್ಟಲು ಇಡಲು ಬಂದಿದ್ದ ರೇಣುಕವ್ವ, “ಪುಣೇದಾಗ ಯಳವತ್ತಿ ಎರಿ ಐತೇನ್ರಿ?” ಎಂದಳು.

“ಇದು ಯಂತ್ರಶಾಸ್ತ್ರದ ಮಾತವ್ವಾ,” ಎಂದು ರಾಯರು ಬಟ್ಟಲೆತ್ತಿಕೊಂಡರು.

ನಿಜಲಿಂಗಪ್ಪನದು ಬೇರೆ ಶಾಸ್ತ್ರ. “ಅಣ್ಣಾ, ಹಲ್ಲಿನ ಟೈರ್ ಹಾಕಸೂಣು. ಮೈತುಂಬ ಹಲ್ಲ ಇರತಾವಲ್ಲ, ಮಿಲಿಟ್ರಿ ಗಾಡಿಗೆ ಇದ್ದಂಗ. ಗಾಡಿ ಬಂದ್ರ ಮಂದಿ ಎದ್ದು ನಿಂದರಬೇಕು.”

“ಮಂದಿ ನಿಂದರತಾರ. ಗಾಡಿನೂ ನಿಂತ್ರ ಏನ್ ಮಾಡ್ತೀ, ಮೈದನ?” ಎಂದಳು ರೇಣುಕವ್ವ.

“ವೈನಿ, ನೀವು ಒಳಗ ನೋಡ್ರಿ, ಹಾಲು ಉಕ್ಕೀತು.”

ಹಾಲು ಉಕ್ಕಿರಲಿಲ್ಲ. ಅವಳು ಒಳಗೆ ಹೋಗಿ ಒಲೆಯ ಮುಂದೆ ಕೂತು ಲೆಕ್ಕ ಹಾಕಿದಳು: ಗದಗಿಗೆ ಹೋಗುವುದು ಡಾಂಬರು, ಶಿರಹಟ್ಟಿ ಕಡೆಗೆ ಕಲ್ಲು-ಗರಸು, ತನ್ನ ತವರು ಯಳವತ್ತಿಗೆ ಜಿಗುಟು ಎರೆ, ಕಪ್ಪು ಮಣ್ಣು. ಹನ್ನೆರಡು ತಿಂಗಳೂ ಇಷ್ಟನ್ನೂ ತುಳಿಯಬೇಕಾದ ಗಾಡಿಗೆ ಒಬ್ಬ ಪುಣೆಯ ಟೈರು ಹೇಳುತ್ತಾನೆ, ಇನ್ನೊಬ್ಬ ಮೆರವಣಿಗೆಯ ಟೈರು ಹೇಳುತ್ತಾನೆ. ಇವರ ಬುದ್ಧಿಗೆ ಬೆಂಕಿ ಹಾಕಿದರೂ ಹೊಗೆಯಷ್ಟೇ ಬಂದೀತು ಎಂದುಕೊಂಡಳು. ಹಿತ್ತಲಲ್ಲಿ ಗಾಡಿ ತೊಳೆಯುತ್ತಿದ್ದ ಡ್ರೈವರ್ ಯಂಕಪ್ಪನನ್ನು ಕರೆದು, “ಓಡಸಾಂವ ನೀನು. ನಿನಗೇನ ಅನಸತೈತಿ?” ಎಂದು ಕೇಳಿದಳು.

“ಸಾವ್ಕಾರ್ರು ಅನ್ನೂದು ಖರೆ ಐತ್ರಿ ಅವ್ವಾರ,” ಎಂದ ಯಂಕಪ್ಪ.

“ಅವರಿನ್ನೂ ಏನೂ ಅಂದಿಲ್ಲಲೋ.”

“ಅಂದಮ್ಯಾಲೆ ಅದು ಖರೇನ ಇರತೈತ್ರಿ.”

ಮೇ ತಿಂಗಳ ಕೊನೆಗೆ ಗದಗಿನ ಟೈರು ಅಂಗಡಿಗೆ ಹೋಗುವುದೆಂದಾಯಿತು. ಬೆಟಗೇರಿಯಲ್ಲಿ ಸೀರೆ ನೋಡುವುದಿದೆ ಎಂದು ರೇಣುಕವ್ವನೂ ಹೊರಟಳು. ಸೀರೆ ನೋಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

ಅಂಗಡಿಯವನು ಗಂಡಸರಿಗೆ ಮೂರು ಕುರ್ಚಿ ಹಾಕಿಸಿ, ಅವಳಿಗೆ ಫ್ಯಾನಿನ ಕೆಳಗಿನ ಬೆಂಚು ತೋರಿಸಿದ. ರಾಯರು ಗೀಟಿನ ಟೈರನ್ನು ಪಂಚಾಂಗ ನೋಡುವಂತೆ ಕನ್ನಡಕ ಏರಿಸಿ ನೋಡಿದರು. ನಿಜಲಿಂಗಪ್ಪ ಹಲ್ಲಿನ ಟೈರನ್ನು ಎತ್ತಿನ ಭುಜ ತಟ್ಟುವಂತೆ ತಟ್ಟಿದ. ಅಂಗಡಿಯವನ ಕಣ್ಣು ಮಾತ್ರ ಎರಡು ವರ್ಷದಿಂದ ಧೂಳು ತಿನ್ನುತ್ತಿದ್ದ ಹಲ್ಲಿನ ಜೋಡಿಗಳ ಮೇಲಿತ್ತು. “ಸಾವ್ಕಾರ್ರ ಗಾಡಿಗೆ ಇದು ಶೋಭಿಸತೈತ್ರಿ,” ಎಂದ.

“ಎರಿಯಾಗ ನಡಿತೈತೇನ್ರಿ?” ಎಂದಳು ಬೆಂಚಿನ ಮೇಲಿಂದ ರೇಣುಕವ್ವ.

“ಎಲ್ಲಾದ್ರಾಗೂ ನಡಿತೈತ್ರಿ ಅಕ್ಕಾರ.”

“ಯಾರು ನಡಿಸ್ಯಾರ? ಅವರ ಹೆಸರು ಹೇಳ್ರಿ, ಕೇಳಿ ಬರತೇನಿ.”

ಅಂಗಡಿಯವನು ನಕ್ಕ. ಗಂಡಸರೂ ನಕ್ಕರು. ಮೂಲೆಯಲ್ಲಿ ಇನ್ನೊಂದು ತರಹದ ಟೈರು ಒರಗಿಸಿಟ್ಟಿತ್ತು. ನಡುವೆ ಗೀಟು, ಎರಡೂ ಅಂಚಿಗೆ ದಪ್ಪ ಹಲ್ಲು. ಅದೇನೆಂದು ಅವಳು ಕೇಳಿದಳು.

“ಅದು ಬೆರಕಿ ಮಾಲರಿ. ಮ್ಯಾಲೂ ಅಲ್ಲ ಕೆಳಗೂ ಅಲ್ಲ,” ಎಂದ ಅವನು.

“ಒಂದು ಮಾತಿಗೆ ನಿಲ್ಲದ ಟೈರು,” ಎಂದರು ರಾಯರು. ಅವರಿಗೆ ತಮ್ಮ ಗೀಟು ಸೋಲುವುದು ಆಗಲೇ ಕಂಡಿತ್ತು. ಆದರೂ ನಗುವುದಕ್ಕೆ ಒಂದು ಟೈರು ಸಿಕ್ಕಿತಲ್ಲ ಎಂಬ ಸಮಾಧಾನ.

ಚನ್ನಬಸವಣ್ಣನವರು ತಮ್ಮನ ಮುಖ ನೋಡಿದರು, ಗೆಳೆಯನ ಮುಖ ನೋಡಿದರು, ಅಂಗಡಿಯವನ ಮುಖ ನೋಡಿದರು. ಹಲ್ಲಿನ ಟೈರು ನಾಲ್ಕು ಬಂದವು.

ಡಾಂಬರಿನ ಮೇಲೆ ಅವು ಹಿಟ್ಟಿನ ಗಿರಣಿಯ ಹಾಗೆ ಕೂಗಿದವು. ಶಿಗ್ಲಿ ನಾಕಾದಲ್ಲಿ ಕೂತವರು ನಿಜಕ್ಕೂ ಎದ್ದು ನಿಂತು ನೋಡಿದರು, ಲಾರಿ ಬಂತೆಂದು. ನಿಜಲಿಂಗಪ್ಪ ಅದನ್ನೇ ಗೌರವವೆಂದು ತಿಳಿದು ಕೈ ಮುಗಿದ.

ಶ್ರಾವಣದ ಎರಡನೆಯ ವಾರ ಯಳವತ್ತಿಯಲ್ಲಿ ರೇಣುಕವ್ವನ ಅಣ್ಣನ ಸೊಸೆಯ ಕುಬಸ. ಬಸುರಿಗೆ ಹಸಿರು ಕುಬಸ ತೊಡಿಸುವ ಆ ಕಾರ್ಯಕ್ಕೆ ಲಕ್ಷ್ಮೇಶ್ವರದಿಂದ ವ್ಯಾಗಿನ್ನು ಹೊರಟಿತು. ಮುಂದೆ ಯಂಕಪ್ಪ ಮತ್ತು ಚನ್ನಬಸವಣ್ಣನವರು, ನಡುವಿನ ಸೀಟಿನಲ್ಲಿ ಊಟಕ್ಕೆ ಎಲ್ಲಿಗಾದರೂ ಬರುವ ರಾಯರು ಮತ್ತು ನಿಜಲಿಂಗಪ್ಪ, ಹಿಂದೆ ಉಂಡಿ, ಚಕ್ಕಲಿಯ ಬುಟ್ಟಿಗಳ ನಡುವೆ ಇಳಕಲ್ಲ ಸೀರೆಯುಟ್ಟ ರೇಣುಕವ್ವ. ಮೂರು ದಿನದಿಂದ ಜಿಟಿಜಿಟಿ ಹಿಡಿದಿತ್ತು. ಡಾಂಬರು ಬಿಟ್ಟು ಎರೆಗೆ ಇಳಿದು ಎರಡು ಫರ್ಲಾಂಗು ಹೋಗಿರಲಿಲ್ಲ, ಗಾಡಿ ಕುಂಡಿ ತಿರುವಿ ನಿಂತುಬಿಟ್ಟಿತು. ಯಂಕಪ್ಪ ರೇಸು ಕೊಟ್ಟಷ್ಟೂ ಗಾಲಿ ನಿಂತಲ್ಲೇ ತಿರುಗಿತು, ಗಾಡಿ ಕೆಳಗಿಳಿಯಿತು.

“ಇದು ಭಾರದ ಸಮತೋಲ ತಪ್ಪಿದ್ದು,” ಎಂದರು ರಾಯರು, ಕೂತಲ್ಲಿಂದಲೇ.

“ಯಂಕಪ್ಪಗ ಓಡಸಾಕ ಬರೂದಿಲ್ಲ,” ಎಂದ ನಿಜಲಿಂಗಪ್ಪ, ಕೂತಲ್ಲಿಂದಲೇ.

ಯಂಕಪ್ಪ, “ಖರೆ ಐತ್ರಿ,” ಎಂದ.

ರೇಣುಕವ್ವ ಹಿಂದಿನ ಬಾಗಿಲು ತೆಗೆದು ಇಳಿದಳು. ಹಿಮ್ಮಡಿ ಮುಳುಗಿತು. ಅಷ್ಟರಲ್ಲಿ ಯಳವತ್ತಿಯ ಕಡೆಯಿಂದ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು, ಬಿಳಿ ಸೀರೆ ಮೊಳಕಾಲಿಗೆ ಎತ್ತಿಕಟ್ಟಿ, ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದಳು. ಸುತ್ತಿನ ಹಳ್ಳಿಗಳ ಹೆರಿಗೆ ನೋಡುವ ನರ್ಸ್ ಅಮೀನಬಿ. ರೇಣುಕವ್ವನ ಕೊನೆಯ ಮಗಳನ್ನು ಕೈಯಲ್ಲಿ ಹಿಡಿದವಳೂ ಅವಳೇ. ಅವಳು ಯಾರನ್ನೂ ಮಾತಾಡಿಸುವ ಮೊದಲು ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿದಳು.

“ಹಲ್ಲು ಭಾಳ ಒತ್ತೊತ್ತಾಗಿ ಅದಾವ್ರಿ ಅಕ್ಕಾರ,” ಎಂದಳು. “ಸಂದ್ಯಾಗ ಎರಿ ಕುಂತ್ರ ಹೊರಗ ಬರೂದಿಲ್ಲ. ಈಗ ನೋಡ್ರಿ, ಹಲ್ಲೆಲ್ಲಿ ಐತಿ? ಬರೆ ಮಣ್ಣಿನ ಗುಂಡು.”

ಖರೆಯಾಗಿತ್ತು. ಮಂದಿಯನ್ನು ಎದ್ದು ನಿಲ್ಲಿಸಬೇಕಾಗಿದ್ದ ಹಲ್ಲುಗಳು ಒಂದೂ ಕಾಣುತ್ತಿರಲಿಲ್ಲ.

“ನರ್ಸಬಾಯಿ, ನೀವು ಹೆರಿಗಿ ನೋಡ್ರಿ, ಗಾಡಿ ನಾವು ನೋಡತೇವಿ,” ಎಂದ ನಿಜಲಿಂಗಪ್ಪ ಕಿಟಕಿಯಿಂದ ಮುಖ ಹೊರಹಾಕಿ.

“ಇಳದು ನೋಡ್ರಿ, ಚೊಲೊ ಕಾಣತೈತಿ,” ಎಂದಳು ಅಮೀನಬಿ ಮೆತ್ತಗೆ.

ರೇಣುಕವ್ವನಿಗೆ ನಗು ತಡೆಯಲಿಲ್ಲ. “ಗೀಟಿಂದು ಹಾಕಸಿದ್ರ?” ಎಂದು ಕೇಳಿದಳು.

“ಅದು ಇನ್ನೂ ಕೇಡರಿ. ಮುಂದ ಹೋಗೂದಿಲ್ಲ, ಅಡ್ಡ ಜಾರತೈತಿ. ಎರಡು ವರ್ಷ ನಮ್ಮ ದವಾಖಾನಿ ಜೀಪಿಗೆ ಅದು ಇತ್ತು. ಈಗ ನಡುವ ಗೀಟು, ಅಂಚಿಗೆ ದೊಡ್ಡ ದೊಡ್ಡ ಹಲ್ಲಿಂದು ಹಾಕ್ಯಾರ. ಒಂದು ಹಲ್ಲಿಗೂ ಇನ್ನೊಂದಕ್ಕೂ ನಡುವ ಮೂರು ಕೈಬಟ್ಟು ಹಿಡಸತಾವ. ಮಣ್ಣು ತುಂಬತೈತಿ, ಗಾಲಿ ತಿರಗಿದ ಕೂಡ್ಲೆ ಉಗಳತೈತಿ. ಡಾಂಬರಿನ ಮ್ಯಾಲೆ ನಡುವಿನ ಗೀಟು ನಡಸತೈತಿ, ಚೀರೂದಿಲ್ಲ.”

“ಇಷ್ಟೆಲ್ಲಾ ನಿನಗ ಹೆಂಗ ಗೊತ್ತ?”

“ಡ್ರೈವರ್ ಮುಂದ ಕುಂದರತಾನರಿ. ಸಾಹೇಬ್ರು ಅವನ ಬಾಜೂಕ. ದಬ್ಬಾಕ ಇಳಿಯೂದು ನಾನು. ಹನ್ನೊಂದು ವರ್ಷ ಟೈರನ್ನ ಹಿಂದಿನಿಂದ ನೋಡೇನಿ.”

ರೇಣುಕವ್ವ ಗಾಡಿಯೊಳಗೆ ಕೂತ ಮೂವರನ್ನು ನೋಡಿದಳು. ಎರಡು ತಿಂಗಳು ಗಾದಿ ಸವೆಸಿದ ಯಂತ್ರಶಾಸ್ತ್ರ, ಧೋತರಕ್ಕೆ ಕೆಸರು ಹತ್ತೀತೆಂದು ಕಾಲು ಮೇಲೆತ್ತಿ ಕೂತಿತ್ತು. ಅವಳು ಉಂಡಿಯ ಬುಟ್ಟಿ ತಲೆಯ ಮೇಲಿಟ್ಟುಕೊಂಡಳು. ಚಕ್ಕಲಿಯ ಬುಟ್ಟಿಯನ್ನು ಅಮೀನಬಿ, ಬಂದ ದಾರಿಗೇ ತಿರುಗಿ, ತಾನು ಹೊತ್ತಳು.

“ಎಲ್ಲಿ ಹೊಂಟಿ?” ಎಂದರು ಚನ್ನಬಸವಣ್ಣನವರು.

“ಕುಬಸಕ್ಕರಿ. ನೀವು ಚರ್ಚಾ ಮುಗಸಿ ಬರ್ರಿ.”

ಇಬ್ಬರು ಹೆಂಗಸರೂ ಎರೆಯಲ್ಲಿ ಪಚಪಚ ನಡೆದು ಊರು ಸೇರಿದರು. ಮಧ್ಯಾಹ್ನದ ಊಟ ಮುಗಿದು ಎರಡು ತಾಸಾದ ಮೇಲೆ, ಅಣ್ಣನ ಎರಡು ಜೋಡಿ ಎತ್ತುಗಳು ವ್ಯಾಗಿನ್ನನ್ನು ಎಳೆದು ತಂದವು. ಹಿಂದೆ ಚನ್ನಬಸವಣ್ಣನವರೂ ನಿಜಲಿಂಗಪ್ಪನೂ ರಾಯರೂ ನಡೆದು ಬಂದರು. ಎತ್ತು ಕಟ್ಟಲು ಬಂದವರು ಅವರನ್ನು ಇಳಿಸಿಬಿಟ್ಟಿದ್ದರು. ರಾಯರ ಧೋತರ ಸೊಂಟದವರೆಗೆ ಕರ್ರಗಾಗಿತ್ತು. ರೇಣುಕವ್ವ ಅವರಿಗೆ ಕಾಲು ತೊಳೆಯಲು ನೀರು ಕೊಟ್ಟು, ತಣ್ಣಗಾದ ಹೋಳಿಗೆ ಬಡಿಸಿದಳು. ಅವಳು ಬೈದಿದ್ದರೇ ಅದು ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು ಎಂದು ಚನ್ನಬಸವಣ್ಣನವರಿಗೆ ಅನಿಸಿತು.

ಮರುದಿನ ಗಂಡಸರು ನಡೆದು ಹೋಗಿ ಬಸ್ಸು ಹಿಡಿದರು. ರೇಣುಕವ್ವ ಹೋಗಲಿಲ್ಲ, ಗಾಡಿಯನ್ನೂ ಕೊಡಲಿಲ್ಲ. ತವರಿನವರು ಕೊಟ್ಟ ಹೊಲದ ಮೆಣಸಿನಕಾಯಿ ಅವಳ ಸ್ವಂತದ್ದು; ಅದರ ದುಡ್ಡು ಅಣ್ಣನ ಬಳಿ ಇತ್ತು. ಅದನ್ನು ಯಂಕಪ್ಪನ ಕೈಗೆ ಕೊಟ್ಟು, “ಗದಗಿಗೆ ಹೋಗು. ಮೂಲ್ಯಾಗಿನ ಬೆರಕಿ ಮಾಲು ನಾಕು ತಾ,” ಎಂದಳು.

“ಸಾವ್ಕಾರ್ರು...”

“ನಾ ಅಂದೇನಿ. ಖರೆ ಐತೋ ಇಲ್ಲೋ?”

ಯಂಕಪ್ಪ ಸ್ವಲ್ಪ ಯೋಚಿಸಿದ. ಅವನ ಜೀವನದಲ್ಲಿ ಅದು ಹೊಸ ಕೆಲಸ. “ಮಾಲು ಅದ ಚೊಲೊ ಐತ್ರಿ ಅವ್ವಾರ,” ಎಂದ ಕಡೆಗೆ. “ನಾನೂ ಮೊದಲ ಹೇಳಬೇಕಾಗಿತ್ತು.”

“ನಾ ಕೇಳಿದಾಗ ಬಾಯಾಗ ಏನಿತ್ತು?”

ಯಂಕಪ್ಪ ತಲೆ ಕೆರೆದುಕೊಂಡು ಹೊರಟ.

ಮೂರು ದಿನದ ಮೇಲೆ ನಿಜಲಿಂಗಪ್ಪ ಗಾಡಿ ಒಯ್ಯಲು ಬಂದ. ಮುಂಡರಗಿಯಲ್ಲಿ ಅವನ ಸಭೆಯಿತ್ತು. ರೇಣುಕವ್ವನ ಅಣ್ಣನ ಮನೆಯ ಮುಂದೆ ಗೊಬ್ಬರ ತುಂಬಿದ ಚಕ್ಕಡಿ ನಿಂತಿತ್ತು. ಅದರ ಹಳೆಯ ರಬ್ಬರು ಗಾಲಿ ಹೋಗಿ, ಮೈತುಂಬ ಹಲ್ಲಿನ ಎರಡು ಹೊಸ ಟೈರು ಕೂತಿದ್ದವು. ಇನ್ನೆರಡು ಪಕ್ಕದ ಮನೆಯ ಚಕ್ಕಡಿಗೆ ಹೋಗಿದ್ದವು.

“ವೈನಿ, ಏನಿದು? ಮಿಲಿಟ್ರಿ ಟೈರು ಗೊಬ್ಬರದ ಬಂಡಿಗೆ?”

“ಎತ್ತಿಗೆ ಭಾಳ ಹಗರ ಆಗ್ಯಾವಂತ. ಮಂದಿನೂ ಎದ್ದು ನಿಂತು ನೋಡಾಕ ಹತ್ತ್ಯಾರ,” ಎಂದಳು ರೇಣುಕವ್ವ. “ಸಭಾಕ್ಕ ಹೊತ್ತಾತಲ್ಲ, ಇದರಾಗ ಕುಂಡ್ರು. ಗೊಬ್ಬರ ಹಾಕಿ ಬಂದಮ್ಯಾಲೆ ಬಿಟ್ಟು ಬರತಾರ.”

ನಿಜಲಿಂಗಪ್ಪ ನಡೆದೇ ಹೋದ. ಆ ಸಭೆಗೆ ಅವನು ಮುಟ್ಟಿದಾಗ ಹಾರ ಬಾಡಿತ್ತು ಎಂದು ಆಮೇಲೆ ಯಾರೋ ಹೇಳಿದರು.

ಹೊಸ ಟೈರು ಎರೆಯಲ್ಲಿ ನಡೆದವು. ಎರಡು ಸಲ ಜಾರಿದವು, ನಿಲ್ಲಲಿಲ್ಲ. ಶಿರಹಟ್ಟಿಯ ಗರಸಿನಲ್ಲೂ ತಾಳಿದವು. ಆದರೆ ಕಾರ್ತಿಕದಲ್ಲಿ ಹಮ್ಮಿಗಿಯ ಹೊಳೆದಂಡೆಯ ಉಸುಕಿನಲ್ಲಿ ಅವೂ ಹೂತವು. ಟೈರಿನ ಗಾಳಿ ಸ್ವಲ್ಪ ಬಿಟ್ಟರೆ ಉಸುಕಿನಲ್ಲಿ ಹೋಗುತ್ತದೆ ಎಂದು ಯಂಕಪ್ಪ ಹೇಳಿದ್ದ, ಅವಳು ಕೇಳಿರಲಿಲ್ಲ. ಎಲ್ಲ ಕಡೆಗೂ ಇದೊಂದೇ ಟೈರು ಸಾಕು ಎಂದು ಮನಸ್ಸಿನಲ್ಲಿ ಬೀಗಿದ್ದಕ್ಕೆ ರೇಣುಕವ್ವ ತನ್ನನ್ನೇ ಒಂದು ಗಳಿಗೆ ಅಂಗಡಿಯವನ ಸಾಲಿನಲ್ಲಿ ಕೂರಿಸಿ ನೋಡಿದಳು. ನೋಟ ಚೆನ್ನಾಗಿರಲಿಲ್ಲ. ಗಾಳಿ ಬಿಡಿಸಿ, ಸೆರಗು ಸಿಗಿಸಿ ದಬ್ಬಿದಳು.

ಕಾರ್ತಿಕ ಕಳೆದ ಮೇಲೆ ಮುಂಡರಗಿಯ ವ್ಯಾಪಾರಿಯೊಬ್ಬ ಅಂಗಡಿಗೆ ಬಂದ. ಅವನೂ ಅಂಥದೇ ಗಾಡಿ ಕೊಂಡಿದ್ದ. ಯಾವ ಟೈರು ಹಾಕಿಸಬೇಕೆಂದು ಕೇಳಿದ. ಚನ್ನಬಸವಣ್ಣನವರು ಲೋಡಿಗೆ ಒರಗಿದರು.

“ನಡುವ ಗೀಟು, ಅಂಚಿಗೆ ಹಲ್ಲು. ನೆನಪಿಡ್ರಿ. ಎರಡು ತಿಂಗಳು ವಿಚಾರ ಮಾಡಿ ತಗೊಂಡೇನಿ. ಮೂರು ಬಟ್ಟು ಹಿಡಸಬೇಕು ಸಂದ್ಯಾಗ.”

“ನಾನು ಮೊದಲಿಂದ ಗೀಟು ಅಂತಿದ್ದೆ,” ಎಂದರು ಮಾರ್ತಾಂಡರಾಯರು.

“ಹಲ್ಲು ಅಂದಾಂವ ನಾನು,” ಎಂದ ನಿಜಲಿಂಗಪ್ಪ.

“ಬರ್ರಿ, ತೋರಸತೇನಿ,” ಎಂದು ಚನ್ನಬಸವಣ್ಣನವರು ಎದ್ದರು. ನಾಲ್ವರೂ ಹಿತ್ತಲಿಗೆ ಬಂದರು. ವ್ಯಾಗಿನ್ನು ಇರಲಿಲ್ಲ. ಶಿರಹಟ್ಟಿ ಕಡೆಯ ಮಾಗಡಿಯಲ್ಲಿ ಕಷ್ಟದ ಹೆರಿಗೆಯೊಂದು ಇದೆಯೆಂದು ಮುಂಜಾನೆಯೇ ಅಮೀನಬಿ ಹೇಳಿಕಳಿಸಿದ್ದಳು. ರೇಣುಕವ್ವ ಬಸುರಿಯನ್ನು ಗದಗಿನ ಆಸ್ಪತ್ರೆಗೆ ಒಯ್ಯಲು ಯಂಕಪ್ಪನನ್ನು ಕರೆದುಕೊಂಡು ಹೋಗಿದ್ದಳು. ಯಾರನ್ನೂ ಕೇಳಿರಲಿಲ್ಲ.

ಚನ್ನಬಸವಣ್ಣನವರು ಒಂದು ಗಳಿಗೆ ಖಾಲಿ ಜಾಗ ನೋಡಿದರು. ಆಮೇಲೆ ಧೋತರದ ಚುಂಗು ಹಿಡಿದು, ಬಚ್ಚಲ ನೀರಿನ ಹಸಿಯಲ್ಲಿ ಮೂಡಿದ ಗಾಲಿಯ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತರು.

“ಇಲ್ಲಿ ನೋಡ್ರಿ,” ಎಂದು ಬೆರಳಿಟ್ಟು ತೋರಿಸತೊಡಗಿದರು.